ಕಳ್ಳ ಉಸಿರು

ಊಂ… ಎಂದು ಒಂದು ಸದ್ದು. ಬಹಳ ತಗ್ಗಿನ ಸ್ವರ. ಗೋಡೆಯ ಆಚೆಯಿಂದ ಹೊರಟು, ನಮ್ಮ ಅಡುಗೆಮನೆಯ ಶೆಲ್ಫಿನ ಸ್ಟೀಲ್ ಲೋಟಗಳನ್ನು ಸಣ್ಣಗೆ ನಡುಗಿಸಿ ನಿಂತುಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಊಂ… ಪ್ರತಿ ಸಲವೂ ಅದು ನಿಲ್ಲಬೇಕಾದ ಜಾಗಕ್ಕಿಂತ ಮುಂಚೆಯೇ ನಿಲ್ಲುತ್ತಿದೆ ಅನ್ನಿಸುತ್ತಿತ್ತು, ಮಾತಾಡುತ್ತಿದ್ದವರು ಅರ್ಧ ವಾಕ್ಯಕ್ಕೇ ಎದ್ದುಹೋದ ಹಾಗೆ. ಮೊನ್ನೆ ಪಕ್ಕದ ಮನೆಯ ಹೊಸ ದಂಪತಿ ವ್ಯಾಕ್ಯೂಮ್ ಕ್ಲೀನರ್ ಹಾಕಿದಾಗ ಲೋಟಗಳು ಹಾಗೆಯೇ ನಡುಗಿದವು. ಒಗ್ಗರಣೆಗೆ ಇಟ್ಟ ಸಾಸಿವೆ ಸಿಡಿದು ಮುಗಿದರೂ ನಾನು ಸೌಟು ಹಿಡಿದು ನಿಂತೇ ಇದ್ದೆ.

ಆ ಸದ್ದು ಮೊದಲು ಕೇಳಿದಾಗ ನಾನು ಜಪಾನಿನ ತ್ಸುಕುಬಾಗೆ ಬಂದ ಹೊಸತು. ಮಗಳು ಇಲ್ಲಿನ ಒಂದು ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸದಲ್ಲಿದ್ದಳು, ಈಗಲೂ ಇದ್ದಾಳೆ. ಮಧ್ಯಾಹ್ನವೆಲ್ಲ ಮನೆಯಲ್ಲಿ ನಾನೊಬ್ಬಳೇ. ಆ ಸದ್ದನ್ನು ಕೆಲವು ದಿನ ತಡೆದುಕೊಂಡೆ, ಆಮೇಲೆ ಮಗಳ ಲ್ಯಾಬಿಗೇ ಫೋನ್ ಮಾಡಿದೆ.

“ಪಕ್ಕದ ಮನೇಲಿ ಎಮ್ಮೆ ಕಟ್ಟಿದ್ದಾರೇನೇ? ಕರು ಕಳಕೊಂಡ ಹಾಗೆ ಕೂಗ್ತಿದೆ.”

“ಅಮ್ಮಾ, ಈ ಬಿಲ್ಡಿಂಗಲ್ಲಿ ಬೆಕ್ಕು ಸಾಕೋಕೂ ಪರ್ಮಿಷನ್ ಬೇಕು. ಮೀಟಿಂಗಲ್ಲಿದ್ದೀನಿ, ಇಡ್ಲಾ?”

ಸಂಜೆ ಸ್ಕೂಲಿನಿಂದ ಬಂದ ಮೊಮ್ಮಗಳು ಬ್ಯಾಗನ್ನೂ ಇಳಿಸದೆ ಗೋಡೆಗೆ ಕಿವಿಯಿಟ್ಟಳು. “ಇಟ್ಸ್ ನಾಟ್ ಎ ಬಫಲೋ, ಅಜ್ಜಿ. ಟ್ಯೂಬಾ. ಬಿ ಫ್ಲ್ಯಾಟ್ ಸ್ವರ.” ಅವಳಿಗೆ ಅದು ಗೊತ್ತಾಗಬೇಕಾದದ್ದೇ. ಮಿಡಲ್ ಸ್ಕೂಲಿನ ಬ್ಯಾಂಡಿನಲ್ಲಿ ಅವಳ ವಾದ್ಯವೂ ಅದೇ. ಮಡಿಲಲ್ಲಿ ಮಗುವಿನ ಹಾಗೆ ಕೂರಿಸಿಕೊಂಡು ಊದುವ, ಹಿತ್ತಾಳೆಯ ಭಾರೀ ಕಹಳೆ. ಅವಳು ಕೇಳಿದ್ದು ಫ್ಲೂಟ್. ಬ್ಯಾಂಡಿನ ಟೀಚರ್ ಅವಳ ಎತ್ತರ ನೋಡಿ ಟ್ಯೂಬಾ ಕೊಟ್ಟರು. “ಕೊಳಲು ಕೇಳಿದ್ರೆ ಡ್ರೈನೇಜ್ ಪೈಪ್ ಕೊಟ್ಟು ಕಳಿಸಿದ್ದಾರೆ,” ಎಂದು ನನ್ನ ಮಗಳು ವಾರವೆಲ್ಲ ಗೊಣಗಿದ್ದಳಂತೆ.

ಅದಾದ ಕೆಲವು ದಿನಕ್ಕೆ ಪಕ್ಕದ ಮನೆಯವರೇ ಬಾಗಿಲು ತಟ್ಟಿದರು. ನನ್ನದೇ ವಯಸ್ಸಿನ, ನನ್ನ ಭುಜಕ್ಕೂ ಬಾರದ ಹೆಂಗಸು. ಗಂಡುಹುಡುಗರ ಹಾಗೆ ಕತ್ತರಿಸಿದ ಬಿಳಿಯ ಕೂದಲು. ಕೈಯಲ್ಲಿ ಸಿಹಿಯ ಡಬ್ಬಿ. ಸದ್ದಿಗೆ ಕ್ಷಮೆ ಕೇಳಲು ಬಂದಿದ್ದರು. “ಸುಮಿಮಾಸೆನ್” ಎಂದು ಬಾಗಿದವರು ನನ್ನ ಪೆಚ್ಚುಮುಖ ನೋಡಿ ಇಂಗ್ಲಿಷಿಗೆ ತಿರುಗಿದರು, ಅದೂ ಎಂಥ ಇಂಗ್ಲಿಷ್… ಒಂದೊಂದು ಪದವನ್ನೂ ಒರೆಸಿ ಮೇಜಿನ ಮೇಲಿಟ್ಟ ಹಾಗೆ. ನಲವತ್ತು ವರ್ಷ ಮಿಡಲ್ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಜೊತೆಗೆ ಶಾಲೆಯ ಬ್ಯಾಂಡನ್ನೂ ನಡೆಸಿ ರಿಟೈರ್ ಆದವರು. ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಸೆನ್ಸೇ, ಅಂದರೆ ಟೀಚರ್, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಹಾಸಿಗೆ ಇಡುವ ಗೋಡೆಬೀರುವಿನೊಳಗೆ, ಸುತ್ತ ಫುತೋನು ಹಾಸಿಗೆಗಳನ್ನು ಒಡ್ಡಿಕೊಂಡು, ಬಾಗಿಲು ಎಳೆದುಕೊಂಡು ಅವರು ಪ್ರ್ಯಾಕ್ಟೀಸ್ ಮಾಡುತ್ತಿದ್ದರು. ಆದರೂ ಸದ್ದು ನುಸುಳುತ್ತಿತ್ತು.

ಕಾಫಿ ಕೊಟ್ಟೆ. ಮಗಳು ಟೋಕಿಯೋ ಕಡೆಯ ಫುನಾಬೊರಿಯ ಇಂಡಿಯನ್ ಅಂಗಡಿಯಿಂದ ತಂದ ಪುಡಿ. ಒಂದು ಗುಟುಕು ಕುಡಿದು ಅವರು ವಿಷಯ ಹೇಳಿದರು. ಅವರ ಶ್ವಾಸಕೋಶ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತಿತ್ತು. ಅದಕ್ಕೆ ಔಷಧಿ ಇದೆ, ಗುಣವಿಲ್ಲ. ಚಳಿ ಬರುವ ಮೊದಲು ಊರಿನಲ್ಲಿ ಒಂದು ಜಾಯಿಂಟ್ ಕಾನ್ಸರ್ಟ್ ಇತ್ತು. ಊದುವ ವಾದ್ಯಗಳ ಯೂನಿವರ್ಸಿಟಿ ವಿಂಡ್ ಬ್ಯಾಂಡು, ಮತ್ತು ಸುತ್ತಲಿನ ಶಾಲೆಗಳಿಂದ ಆಯ್ದ ಮಕ್ಕಳ ಆನರ್ ಬ್ಯಾಂಡು. ಕೊನೆಯ ತುಣುಕನ್ನು ಎರಡೂ ಸೇರಿ ನುಡಿಸುವುದು, ಹಳೆಯ ವಿದ್ಯಾರ್ಥಿಗಳಿಗೂ ಅದಕ್ಕೆ ಕರೆ. ಸೆನ್ಸೇ ಯೂನಿವರ್ಸಿಟಿಯ ಬ್ಯಾಂಡಿನಲ್ಲಿದ್ದ ಕಾಲಕ್ಕೆ ಟ್ಯೂಬಾ ಹಿಡಿದ ಹೆಣ್ಣು ಅವರೊಬ್ಬರೇ.

“ತುಣುಕಿನ ಕೊನೇಲಿ ಎಲ್ಲ ವಾದ್ಯಗಳೂ ನಿಂತ್ಬಿಡ್ತವೆ. ಟ್ಯೂಬಾದ ಒಂದೇ ಸ್ವರ ಉಳೀಬೇಕು. ಉದ್ದಕ್ಕೆ. ಕಂಡಕ್ಟರ್ ಅದನ್ನ ಇಬ್ಬರಿಗೆ ಕೊಟ್ಟಿದ್ದಾರೆ. ಅತಿ ಹಿರಿಯಳಾದ ನನಗೆ. ಅತಿ ಕಿರಿಯಳಾದ… ನಿಮ್ಮ ಮೊಮ್ಮಗಳಿಗೆ.”

“ಕಾಯಿಲೆ ವಿಷಯ ಅವರಿಗೆ ಗೊತ್ತಾ?”

“ಹೇಳಿದ್ರೆ ಹೂಗುಚ್ಛ ಕೊಟ್ಟು ಮೊದಲ ಸಾಲಲ್ಲಿ ಕೂರಿಸ್ತಾರೆ. ಮುಂದಿನ ವರ್ಷಕ್ಕೆ ನನ್ನ ಹತ್ರ ಇಷ್ಟು ಗಾಳೀನೂ ಇರಲ್ಲ.” ಲೋಟ ಕೆಳಗಿಟ್ಟು ಅವರು ನೆಟ್ಟಗೆ ಕೂತರು. “ನೀವು ಇಂಡಿಯಾದವರು. ನನಗೆ ಪ್ರಾಣಾಯಾಮ ಹೇಳಿಕೊಡಿ, ಪ್ಲೀಸ್.”

ನೋಡಿ, ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ನಮ್ಮ ಪಿ.ಟಿ. ಅಂದರೆ ನೆಟ್‌ಬಾಲ್, ಮಾರ್ಚ್ ಪಾಸ್ಟ್. ನಾನು ಬೆನ್ನು ನೆಟ್ಟಗೆ ಮಾಡಿ ಚಕ್ಕಂಬಕ್ಕಲ ಹಾಕಿ ಕೂತದ್ದು ಮದುವೆಯ ಮಣೆಯ ಮೇಲೆ ಮಾತ್ರ. ಅದನ್ನೇ ಹೇಳಿದೆ. ಅವರ ಮುಖ ಚಿಕ್ಕದಾಯಿತು. ಅದನ್ನು ನೋಡಲಾರದೆ, ಸ್ಕೂಲಿನ ಕಾಯರಿನಲ್ಲಿ ಹಾಡು ಹೇಳಿಕೊಡುತ್ತಿದ್ದ ಸಿಸ್ಟರ್ ಕಲಿಸಿದ ಉಸಿರಾಟ ಬೇಕಾದರೆ ಬರುತ್ತದೆ ಎಂದೆ. ಸಿಸ್ಟರ್ ನಮ್ಮನ್ನೆಲ್ಲ ಹಾಲಿನ ನೆಲದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ದಪ್ಪ ಡಿಕ್ಷನರಿ ಇಡಿಸುತ್ತಿದ್ದರು. ಉಸಿರು ತೆಗೆದುಕೊಂಡರೆ ಡಿಕ್ಷನರಿ ಮೇಲೇಳಬೇಕು, ಭುಜ ಏಳಬಾರದು. “ಫ್ರಮ್ ದ ಬೇಸ್‌ಮೆಂಟ್, ಗರ್ಲ್ಸ್, ನಾಟ್ ಫ್ರಮ್ ದಿ ಆ್ಯಟಿಕ್,” ಎಂದು ಐರಿಷ್ ಧಾಟಿಯಲ್ಲಿ ಕೂಗುತ್ತಾ ನಮ್ಮ ನಡುವೆ ಓಡಾಡುತ್ತಿದ್ದರು.

ಮರುದಿನ ಸೆನ್ಸೇ ತಮ್ಮ ಡಿಕ್ಷನರಿಯೊಂದಿಗೆ ಹಾಜರು. ಅಂದಿನಿಂದ ಮಧ್ಯಾಹ್ನ ನಾವಿಬ್ಬರೂ ನಮ್ಮ ತತಾಮಿ ಕೋಣೆಯಲ್ಲಿ, ಹುಲ್ಲುಚಾಪೆಯ ನೆಲದ ಮೇಲೆ, ಅಕ್ಕಪಕ್ಕ ಮಲಗುತ್ತಿದ್ದೆವು, ಹೊಟ್ಟೆಯ ಮೇಲೆ ಒಂದೊಂದು ಡಿಕ್ಷನರಿ ಹೊತ್ತು. ಮಲಗುವುದು ಸುಲಭ, ಏಳುವುದೇ ಕಷ್ಟ. ಒಬ್ಬರನ್ನೊಬ್ಬರು ಎಬ್ಬಿಸಲು ಹೋಗಿ ಮತ್ತೆ ಕುಸಿದು ನಕ್ಕದ್ದೂ ಉಂಟು. ನಕ್ಕರೆ ಅವರಿಗೆ ಕೆಮ್ಮು ಬರುತ್ತಿತ್ತು. ಸಾಲಾಗಿ, ಒಣಗಿದ ಕೆಮ್ಮು… ಆಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅವರು ಕೆಮ್ಮುವಾಗ ಯಾರಾದರೂ ನೋಡಿದರೆ ಅವರಿಗೆ ಸೇರುತ್ತಿರಲಿಲ್ಲ.

ಗೋಡೆಯಾಚೆಯ ಊಂ ಸ್ವಲ್ಪ ಉದ್ದವಾಯಿತು. ನಿಜವಾಗಿಯೂ ಆಯಿತು. ಆದರೆ ಸಾಲದು. ನನಗೂ ಅದು ಕಿವಿಯಲ್ಲೇ ಗೊತ್ತಾಗುತ್ತಿತ್ತು.

ಕಾನ್ಸರ್ಟು ಹತ್ತಿರ ಬಂದಾಗ ಒಂದು ಸಂಜೆ ಸೆನ್ಸೇ ಬಂದು, ಕೂರದೆ, ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗದಲ್ಲೇ ನಿಂತರು. ತಾವು ಹಿಂದೆ ಸರಿಯುವುದಾಗಿ ಕಂಡಕ್ಟರಿಗೆ ನಾಳೆ ತಿಳಿಸುತ್ತಾರಂತೆ. ಮೊಮ್ಮಗಳು ಊಟದ ಮೇಜಿನಲ್ಲಿ ಚಪಾತಿ ತಿನ್ನುತ್ತಿದ್ದಳು. ಅಲ್ಲಿಂದಲೇ ಕೇಳಿದಳು.

“ದೆನ್ ಐ ವಿಲ್ ಬಿ ಅಲೋನ್. ನನಗೂ ಅಷ್ಟು ಹೋಲ್ಡ್ ಮಾಡೋಕೆ ಬರಲ್ಲ.”

“ನಿನಗೆ ಬರುತ್ತೆ. ರಿಹರ್ಸಲಲ್ಲಿ ನಾನೇ ಕೇಳಿದ್ದೀನಿ,” ಎಂದರು ಸೆನ್ಸೇ.

“ನೋ. ಐ ಸ್ಟೀಲ್.”

ನನಗೆ ಅರ್ಥವಾಗಲಿಲ್ಲ. ಸೆನ್ಸೇಗೆ ಆಯಿತು. ವಿಂಡ್ ಬ್ಯಾಂಡುಗಳಲ್ಲಿ ಅದೊಂದು ಉಪಾಯವಂತೆ. ಉದ್ದದ ಸ್ವರವಿದ್ದರೆ ಪಕ್ಕದವರು ಊದುತ್ತಿರುವಾಗ ನೀವು ಸದ್ದಿಲ್ಲದೆ ಒಂದು ಉಸಿರು ಕದ್ದುಬಿಡುವುದು, ನೀವು ಊದುವಾಗ ಅವರು ಕದಿಯುವುದು. ಕೇಳುವವರಿಗೆ ಸ್ವರ ಎಲ್ಲೂ ಮುರಿಯುವುದಿಲ್ಲ. ಎಲ್ಲ ಬ್ಯಾಂಡುಗಳೂ ಮಾಡುತ್ತವೆ. ಸೆನ್ಸೇಯ ಬ್ಯಾಂಡಿನಲ್ಲಿ ಮಾತ್ರ ಟ್ಯೂಬಾಗಳಿಗೆ ಅದು ನಿಷಿದ್ಧ. ಬುನಾದಿಯಲ್ಲಿ ಕಳ್ಳತನ ಕೂಡದು, ಸ್ವರವನ್ನು ಹಿಡಿಯುವುದಾದರೆ ಪೂರ್ತಿ ಹಿಡಿಯಬೇಕು. ನಲವತ್ತು ವರ್ಷ ಅವರ ಮಕ್ಕಳು ಹಾಗೇ ಹಿಡಿದಿದ್ದರು. ಅದು ಅವರ ಹೆಮ್ಮೆ.

“ನನ್ನ ಮಕ್ಕಳು ಯಾರೂ ಕದೀತಿರಲಿಲ್ಲ,” ಎಂದರು.

ಮೊಮ್ಮಗಳು ಚಪಾತಿ ಮುರಿಯುವುದನ್ನು ನಿಲ್ಲಿಸಿದಳು. ಅವರ ಮುಖವನ್ನೇ ನೋಡಿ, ಬಹಳ ಮರ್ಯಾದೆಯಿಂದ, “ಸೆನ್ಸೇ, ಎವ್ರಿಬಡಿ ಸ್ಟೀಲ್ಸ್. ನಿಮಗೆ ಗೊತ್ತೇ ಆಗಿಲ್ಲ ಅಂದ್ರೆ… ದೆ ವರ್ ರಿಯಲಿ ಗುಡ್ ಅಟ್ ಇಟ್,” ಎಂದಳು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಟೀಚರ್ ಎದುರು ಹೀಗೆ ಮಾತಾಡಿದ್ದರೆ ನಮ್ಮ ಸಿಸ್ಟರು ಸಂಜೆಯ ತನಕ ಮೊಣಕಾಲಲ್ಲಿ ನಿಲ್ಲಿಸುತ್ತಿದ್ದರು. ಸೆನ್ಸೇ ಮಾತ್ರ ಗೋಡೆಗೆ ಒರಗಿ, ಯಾವುದೋ ಹಳೆಯ ಸಾಲಿನ ಮುಖಗಳನ್ನು ಒಂದೊಂದಾಗಿ ನೆನೆಸಿಕೊಳ್ಳುವವರ ಹಾಗೆ ನಿಂತರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ನಕ್ಕು, ಕೆಮ್ಮಿ, ಮತ್ತೆ ನಕ್ಕು, ಚಪ್ಪಲಿ ಬಿಟ್ಟು ಒಳಗೆ ಬಂದರು.

“ಹೇಗೆ ಕದಿಯೋದು? ತೋರಿಸು,” ಎಂದರು.

ಆ ವಾರವೆಲ್ಲ ನಮ್ಮ ಊಟದ ಮೇಜಿನಲ್ಲಿ ಪಾಠ. ಇಲ್ಲಿ ಟ್ಯೂಬಾ ಊದುವಂತಿಲ್ಲವಲ್ಲ, ಬಾಯಿಮುಚ್ಚಿ ಸ್ವರ ಹಿಡಿಯುವುದು. ಕದಿಯುವುದಕ್ಕಿಂತ ಕಷ್ಟದ್ದು ಪಕ್ಕದವರು ಕದಿಯುವಾಗ ಮುಚ್ಚಿಡುವುದು. ಒಬ್ಬರು ನಿಂತ ಆ ಕ್ಷಣಕ್ಕೆ ಇನ್ನೊಬ್ಬರು ಇಷ್ಟೇ ಇಷ್ಟು ಸದ್ದು ತುಂಬಿಕೊಡಬೇಕು. ಹೆಚ್ಚಾದರೆ ಸಿಕ್ಕಿಬೀಳುತ್ತೀರಿ. ಇಬ್ಬರೇ ಇರುವಾಗ ಅಡಗಲು ಬೇರೆ ಜಾಗವಿಲ್ಲ. ಸೆನ್ಸೇ ಮೊದಲು ಬಹಳ ಸಲ ಸಿಕ್ಕಿಬಿದ್ದರು. ಎಲ್ಲರಿಗೂ ಗೊತ್ತಾಗುವ ಹಾಗೆ ಬಾಯಿ ತೆರೆದು, ಶಿಸ್ತಾಗಿ ಉಸಿರೆಳೆಯುತ್ತಿದ್ದರು. “ಟೂ ಆನೆಸ್ಟ್, ಸೆನ್ಸೇ,” ಎಂದು ಮೊಮ್ಮಗಳು ತಲೆಯಲ್ಲಾಡಿಸುತ್ತಿದ್ದಳು. ನೋಡುತ್ತಾ ಕೂರಲಾರದೆ ನಾನೂ ಸೇರಿಕೊಂಡೆ. ಒಂದು ಸಂಜೆ ಮಗಳು ಕೆಲಸದಿಂದ ಬಂದು ಬಾಗಿಲಲ್ಲೇ ನಿಂತು ನಮ್ಮ ಮೂವರನ್ನೂ ನೋಡಿದಳು.

“ಏನಮ್ಮಾ, ಮನೇಲಿ ಜೇನುಗೂಡು ಕಟ್ಟಿದೆಯಾ?”

ಕಾನ್ಸರ್ಟು ಒಂದು ಭಾನುವಾರ ಮಧ್ಯಾಹ್ನ. ಮೊದಲು ಯೂನಿವರ್ಸಿಟಿಯವರು, ಆಮೇಲೆ ಮಕ್ಕಳು. ಮಕ್ಕಳು ಚೆನ್ನಾಗಿಯೇ ನುಡಿಸಿದರು. ನನಗೆ ಅದರಲ್ಲಿ ಏನೂ ನೆನಪಿಲ್ಲ. ಕೊನೆಗೆ ವೇದಿಕೆಯ ಮೇಲೆ ಇನ್ನಷ್ಟು ಕುರ್ಚಿ ತಂದಿಟ್ಟರು. ಕಪ್ಪು ಬಟ್ಟೆಯ ದೊಡ್ಡವರು ಮಕ್ಕಳ ನಡುನಡುವೆ ಬಂದು ಕೂತರು. ಹಿಂದಿನ ಸಾಲಿನ ತುದಿಯಲ್ಲಿ ನನ್ನ ಉದ್ದನೆಯ ಮೊಮ್ಮಗಳು, ಅವಳ ಪಕ್ಕ, ಟ್ಯೂಬಾದ ಹಿಂದೆ ಅರ್ಧ ಮರೆಯಾಗಿ, ಆ ಬಿಳಿಯ ತಲೆ. ತುಣುಕು ಮುಗಿಯುತ್ತಾ ಬಂತು. ಕ್ಲಾರಿನೆಟ್‌ಗಳು ನಿಂತವು, ಕಹಳೆಗಳು ನಿಂತವು, ಡ್ರಮ್ಮಿನವನು ಕೋಲು ಕೆಳಗಿಟ್ಟ. ಒಂದೇ ಸ್ವರ ಉಳಿಯಿತು.

ನಾನು ಉಸಿರು ಬಿಗಿಹಿಡಿದೆ. ನನ್ನ ಪಕ್ಕ ಮಗಳು ಸೀರೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುದುಡಿಕೊಂಡಿದ್ದಳು, ನನ್ನ ಸೆರಗನ್ನು. ಯಾರು ಎಲ್ಲಿ ಕದಿಯಬೇಕು ಎಂದು ನನಗೆ ಬಾಯಿಪಾಠವಾಗಿತ್ತು. ಇಲ್ಲಿ ಸೆನ್ಸೇ, ಈಗ ಇವಳು, ಈಗ ಮತ್ತೆ ಸೆನ್ಸೇ… ಆದರೆ ಕಿವಿಗೆ ಏನೂ ಸಿಗಲಿಲ್ಲ. ಸ್ವರ ಎಲ್ಲೂ ತಗ್ಗಲಿಲ್ಲ, ಎಲ್ಲೂ ಉಬ್ಬಲಿಲ್ಲ. ಅದು ಇಬ್ಬರದು ಎಂದು ಕೂಡ ಅನ್ನಿಸಲಿಲ್ಲ. ಮೊದಲು ಉಸಿರು ಸಾಲದೆ ಹೋದದ್ದು ನನಗೇ. ಹಾ ಎಂದು ಬಾಯಿಬಿಟ್ಟು ಗಾಳಿ ಎಳೆದುಕೊಂಡದ್ದಕ್ಕೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಸ್ವರ ಇನ್ನೂ ನಡೆದೇ ಇತ್ತು. ಕಂಡಕ್ಟರ್ ಕೈ ಇಳಿಸಿದ ಮೇಲೇ ಅದು ನಿಂತದ್ದು, ನಿಲ್ಲಬೇಕಾದ ಜಾಗದಲ್ಲೇ.

ಹೊರಗೆ ಲಾಬಿಯಲ್ಲಿ ಸೆನ್ಸೇ ಕಂಬಕ್ಕೆ ಆತು ಕೂತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊಮ್ಮಗಳು ನೀರಿನ ಬಾಟಲಿ ಹಿಡಿದು ಅವರ ಬಳಿ ನಿಂತಿದ್ದಳು.

“ಕೇಳಿಸ್ತಾ?” ಎಂದು ಕೇಳಿದರು.

“ಇಲ್ಲ,” ಎಂದೆ.

“ಒಮ್ಮೆಯೂ?”

“ಒಮ್ಮೆಯೂ ಇಲ್ಲ.”

ಅವರು ತಲೆ ಆಡಿಸಿದರು. ಕಣ್ಣು ಮುಚ್ಚಿಕೊಂಡರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಗೆ ಬೇಕಿರಲಿಲ್ಲ.

ಇದೆಲ್ಲ ಆಗಿ ಎಂಟು ವರ್ಷ. ಮೊಮ್ಮಗಳು ಈಗ ಕಾಶಿವಾ ಊರಿನಲ್ಲಿ ಓದುತ್ತಿದ್ದಾಳೆ. ಟ್ಯೂಬಾ ಬಿಟ್ಟಳು. ಸೈಕಲ್ ಮೇಲೆ ಹೊತ್ತೊಯ್ಯೋಕಾಗಲ್ಲ ಅಜ್ಜಿ, ಅನ್ನುತ್ತಾಳೆ. ಕಾನ್ಸರ್ಟಿನ ಮರುವರ್ಷದ ಕೊನೆಯಲ್ಲಿ ಸೆನ್ಸೇಯ ತಂಗಿಯಿಂದ ಬೂದು ಅಂಚಿನ ಒಂದು ಕಾರ್ಡು ಬಂತು. ಮನೆಯಲ್ಲಿ ಸಾವಾಗಿದ್ದರೆ ಹೊಸ ವರ್ಷದ ಶುಭಾಶಯ ಹೇಳುವುದಿಲ್ಲವೆಂದು ಇಲ್ಲಿ ಹೀಗೆ ಮುಂಚಿತವಾಗಿ ತಿಳಿಸುತ್ತಾರೆ. ಮಗಳು ಓದಿ ಹೇಳಿದಳು. ನಾನು ಆ ಮಧ್ಯಾಹ್ನ ತತಾಮಿಯ ಮೇಲೆ ಸುಮ್ಮನೆ ಮಲಗಿದೆ. ಏಳುವಾಗ ಕೈ ಕೊಡುವವರಿಲ್ಲ ಎಂಬುದು ಅಲ್ಲಿ, ಆ ನೆಲದ ಮೇಲೆ, ಗೊತ್ತಾಯಿತು… ಈ ವಯಸ್ಸಿನಲ್ಲಿ ಒಬ್ಬ ಫ್ರೆಂಡ್ ಸಿಕ್ಕುತ್ತಾಳೆ ಎಂದು ಯಾರು ನಿರೀಕ್ಷಿಸುತ್ತಾರೆ. ಸಿಕ್ಕವಳು ಅಷ್ಟು ಬೇಗ ಹೋಗುತ್ತಾಳೆ ಎಂದೂ ನಿರೀಕ್ಷಿಸಿರಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಬಸ್ ಟರ್ಮಿನಲ್‌ನಲ್ಲಿ. ಕಾನ್ಸರ್ಟಾದ ಮುಂದಿನ ವಸಂತ. ಮನೆ ಖಾಲಿ ಮಾಡಿ ಉತ್ತರದಲ್ಲಿದ್ದ ತಂಗಿಯ ಊರಿಗೆ ಹೊರಟಿದ್ದರು. ಅಷ್ಟು ಹೊತ್ತಿಗೆ ಮೂಗಿಗೆ ಸಣ್ಣ ಕೊಳವೆ, ಕೈಯಲ್ಲಿ ಎಳೆದುಕೊಂಡು ಹೋಗುವ ಆಕ್ಸಿಜನ್ ಸಿಲಿಂಡರ್. ನನ್ನ ಕೈ ಹಿಡಿದು ಏನೋ ಹೇಳಲು ಹೊರಟವರು, ಉಸಿರು ಸಾಲದೆ, ಕೈ ಒತ್ತಿ ಬಿಟ್ಟರು. ಬಸ್ಸಿನೊಳಗೆ ಆಚೆ ಬದಿಯ ಸೀಟು ಸಿಕ್ಕಿತು. ನನಗೆ ಕಾಣುತ್ತಿದ್ದದ್ದು ಅವರ ಟೋಪಿ, ಒಂದು ಭುಜ, ಬಲಗೈ. ಪಕ್ಕದಲ್ಲಿ ಯಾರೋ ಅಪರಿಚಿತ ಹೆಂಗಸು. ಬಸ್ಸು ಹೊರಡುವ ಮೊದಲೇ ಅವರಿಬ್ಬರಲ್ಲಿ ಮಾತು ಶುರುವಾಗಿತ್ತು. ಸೆನ್ಸೇ ಒಂದೊಂದು ಮಾತಿಗೂ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೇಳುತ್ತಿದ್ದರು. ಆಮೇಲೆ ಅವರ ಬಲಗೈ ಎದೆಯ ಮುಂದೆ ಬಂತು, ಬೆರಳುಗಳು ಗಾಳಿಯಲ್ಲಿ ಟ್ಯೂಬಾದ ಗುಂಡಿ ಒತ್ತಿ ಹಾಗೇ ನಿಂತವು. ಬಹಳ ಹೊತ್ತು ನಿಂತವು. ಆ ಹೆಂಗಸಿನ ಬಾಯಿ ತೆರೆದುಕೊಂಡಿತು.

ನಾನು ಬೀಳ್ಕೊಡಲು ಕೈ ಎತ್ತಿದ್ದವಳು ಇಳಿಸಿಕೊಂಡೆ. ಅವರು ನನ್ನ ಕಡೆ ನೋಡಲಿಲ್ಲ. ಕತೆ ಇನ್ನೂ ಮುಗಿದಿರಲಿಲ್ಲ, ಬಸ್ಸು ತಿರುಗಿತು.