ರೀಟಾ ಟೀಚರ ಬಾಕಿ ಭಾನುವಾರಗಳು

ರೀಟಾ ಡುಕೆಟ್‌ಗೆ ಊರಿನ ಶಾಲಾ ಮಂಡಳಿ ಹದಿನೆಂಟು ವರ್ಷದ ಭಾನುವಾರಗಳ ಕೂಲಿಯನ್ನು ಇವತ್ತಿಗೂ ಕೊಟ್ಟಿಲ್ಲ.

ಮ್ಯಾಸಚೂಸೆಟ್ಸಿನ ನಮ್ಮ ಹಳೇ ಗಿರಣಿ ಊರಿನ ಹೈಸ್ಕೂಲಿನಲ್ಲಿ ಅವಳು ಕೆಮಿಸ್ಟ್ರಿ ಟೀಚರು. ಮರದ ಎಲೆ ಕೆಂಪಾಗುವ ಹೊತ್ತಿಗೆ, ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳು ಶಿಫಾರಸು ಪತ್ರಕ್ಕೆ ಅವಳ ಮುಂದೆ ಸಾಲುಗಟ್ಟುತ್ತಿದ್ದರು. ಭಾನುವಾರ ಚರ್ಚಿನಿಂದ ಬಂದವಳೇ ಅಡುಗೆಮನೆಯ ಮೇಜಿಗೆ ಕೂತು, ಲ್ಯಾಬಿನ ಪರದೆಗೆ ಬೆಂಕಿ ಹಚ್ಚಿದವನನ್ನೂ 'ಕುತೂಹಲವುಳ್ಳ ವಿದ್ಯಾರ್ಥಿ' ಎಂದು ಬರೆದುಕೊಡುತ್ತಿದ್ದಳು.

ಆ ಸಲ ಸಂಬಳದ ಒಪ್ಪಂದ ಮುಗಿದು ವರ್ಷವಾದರೂ ಮಂಡಳಿ ಬಾಯಿ ಬಿಡಲಿಲ್ಲ. ಟೀಚರುಗಳ ಸಂಘದ ಸಭೆಯಲ್ಲಿ ಅದರ ಅಧ್ಯಕ್ಷೆ ರೀಟಾ ಎದ್ದು ನಿಂತಳು.

"ಶಾಲೆ ಬಿಡೋ ಗಂಟೆ ಹೊಡೀತಿದ್ದಂಗೆ ಪೆನ್ನು ಕೆಳಗಿಡಿ. ಮೊದಲು ನಿಲ್ಲಿಸೋದು ಶಿಫಾರಸು ಪತ್ರ. ಆಗ ಅಪ್ಪ ಅಮ್ಮಂದಿರೇ ಮಂಡಳಿ ಕುತ್ತಿಗೆ ಹಿಡೀತಾರೆ."

ಕೈಗಳೆಲ್ಲ ಮೇಲೆದ್ದವು. ಅವಳ ಮಗಳು ಜೆನೀನ್ ಅದೇ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ರಾಜ್ಯದ ವಿಶ್ವವಿದ್ಯಾಲಯಕ್ಕೆ ಎರಡು ಪತ್ರ ಬೇಕು. ಹೊಸ ವರ್ಷದೊಳಗೆ ಹೋಗದಿದ್ದರೆ ಅರ್ಜಿ ಕಸದ ಬುಟ್ಟಿಗೆ.

"ಚೆನ್ನಾಗಿದೆ ಮಾ," ಎಂದಳು ಜೆನೀನ್. "ಮಂಡಳಿ ಕುತ್ತಿಗೆ ಅಂದ್ಕೊಂಡು ನನ್ನ ಕುತ್ತಿಗೆ ಹಿಡಿದೆ."

"ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಮುಗಿಯುತ್ತೆ ಕಣೇ."

ಹಬ್ಬದೂಟದ ಟರ್ಕಿ ಕೋಳಿ ಮುಗಿಯಿತು, ಅದರ ಮೂಳೆಯ ಸಾರೂ ಮುಗಿಯಿತು. ಜಗಳ ಮುಗಿಯಲಿಲ್ಲ.

ಆಗ ಶುರುವಾಯಿತು ನೋಡಿ ಕದ್ದುಮುಚ್ಚಿ ಪ್ರೀತಿ. ಇಂಗ್ಲಿಷ್ ಟೀಚರು ಫಿಚ್, ಕಾರು ನಿಲ್ಲಿಸುವ ಜಾಗದಲ್ಲಿ ಅವಳ ಕೈಗೊಂದು ಲಕೋಟೆ ತುರುಕಿದ. "ನಿನ್ನ ಮಗಳು ಅಂತ ಬರ್ದೆ ರೀಟಾ. ಯಾರಿಗೂ ಹೇಳ್ಬೇಡ." ಇತಿಹಾಸದ ಟೀಚರು ಕೇಕಿನ ಡಬ್ಬಿಯಡಿ ಒಂದನ್ನಿಟ್ಟು ಕೊಟ್ಟಳು. ಫುಟ್‌ಬಾಲ್ ಕೋಚ್ ಬ್ರನೆಲ್ಲಿ ಜೆನೀನಳನ್ನು ಮೈದಾನದಲ್ಲಿ ಕಂಡವನೇ ಅಲ್ಲ. ಅವನೂ ಒಂದು ತಂದ. ಡಿಸೆಂಬರ್ ನಡುವಿಗೆ ಐದಾದವು.

ತಾಯಿ ಮಗಳು ಅವನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು.

"ಕೇಳಿರೋದು ಎರಡು. ಐದೂ ಕಳಿಸ್ಲಾ?"

"ಐದೈದು ಜನ ಸೇರಿ ಹೊಗಳಿದ್ರೆ, ಈ ಹುಡುಗೀಲಿ ಏನೋ ಐಬಿದೆ ಅಂತಾರೆ. ಎರಡು ಸಾಕು. ಕೋಚಿಂದಂತೂ ಬೇಡ."

"ಪಕ್ಕದ್ಮನೆ ಲೂಸಿಯಾಗೆ ಎಷ್ಟು ಬಂತು?"

ರೀಟಾ ಎದ್ದು ಕಾಫಿ ಬಗ್ಗಿಸಿಕೊಂಡಳು.

"ಒಂದೂ ಇಲ್ಲ ಮಾ. ಅವಳಮ್ಮ ಆಸ್ಪತ್ರೇಲಿ ನೆಲ ಒರೆಸ್ತಾಳೆ. ಸಂಘ ನಡೆಸಲ್ಲ ನೋಡು, ಅದಕ್ಕೆ."

"ಹಾಗಾದ್ರೆ ನಮಗೂ ಒಂದೂ ಬೇಡ."

"ಹೂಂ, ತ್ಯಾಗ ನಿಂದು, ಸೀಟು ನಂದು! ಗಂಟೆ ಹೊಡೆದ್ಮೇಲೆ ಬರೀಬಾರ್ದು ಅಂದೆ ತಾನೇ? ಹೊಡೆಯೋಕ್ಮುಂಚೆ ಬರೆದ್ರೆ ಏನು ರೋಗ?"

ಅಷ್ಟು ವರ್ಷದಲ್ಲಿ ಇದು ರೀಟಾಗೆ ಹೊಳೆದೇ ಇರಲಿಲ್ಲ.

ಮುಂದಿನ ಸಭೆಯಲ್ಲಿ ಐದೂ ಲಕೋಟೆಗಳನ್ನು ಮೇಜಿನ ಮೇಲೆ ಬಿಸಾಕಿದಳು. "ಯಾರವು? ತಗೊಂಡೋಗಿ." ಕೆಲವರು ತಂತಮ್ಮ ಬೂಟು ನೋಡಿಕೊಂಡರು. ಆದರೆ ಅಂಟಿಸಿದ ಕಡೆ ಬರೆದವರ ಸಹಿ ಇರಲೇಬೇಕು, ಅದು ಕಾಲೇಜಿನ ಕಟ್ಟಳೆ. ಮುಂದಿನ ಬೆಂಚಿನವರು ಹೆಸರು ಓದಿ ನಗತೊಡಗಿದರು.

"ಏನಪ್ಪಾ ಕೋಚು, ಏನಂತ ಬರೆದೆ? ಹುಡುಗಿ ಚೆನ್ನಾಗಿ ಒದೀತಾಳೆ ಅಂತಲಾ?" ಎಂದು ಅವರಲ್ಲೊಬ್ಬ ಕೂಗಿದ.

"ಅಮ್ಮ ಒದೀತಾಳೆ ಅಂತ," ಎಂದು ಗೊಣಗಿದ ಬ್ರನೆಲ್ಲಿ.

ನಗು ನಿಂತ ಮೇಲೆ ರೀಟಾ ಮಗಳ ಮಾತನ್ನೇ ಸಭೆಯ ಮುಂದಿಟ್ಟಳು. ಮತ್ತೆ ಕೈಗಳು ಮೇಲೆದ್ದವು. ಆ ವಾರವಿಡೀ ಶಾಲೆಯಲ್ಲಿ ಪಾಠವೇ ಇಲ್ಲ. ಸಂಬಳದ ಹೊತ್ತಿನಲ್ಲೇ ಟೀಚರುಗಳು ಕೂತು ಪತ್ರ ಬರೆದರು. ಅರ್ಜಿ ಹಾಕುವ ಪ್ರತಿ ಮಗುವಿಗೆ ಎರಡು, ಒಂದೂ ಹೆಚ್ಚಿಲ್ಲ. ಮಕ್ಕಳು ಇಸ್ಪೀಟಾಡಿದರು. ಮಂಡಳಿ ಹೌಹಾರಿ ಮಾತುಕತೆಗೆ ಬಂತು.

ಜೆನೀನ್‌ಗೂ ಲೂಸಿಯಾಗೂ ಸೀಟು ಸಿಕ್ಕಿತು. ಸಂಬಳ ಚೂರು ಏರಿತು. ಜೊತೆಗೆ ಒಪ್ಪಂದಕ್ಕೆ ಹೊಸ ಸಾಲೊಂದು ಸೇರಿತು: ಪಾಠದ ವೇಳೆಯಲ್ಲಿ ಶಿಫಾರಸು ಪತ್ರ ಬರೆಯುವಂತಿಲ್ಲ. ಮತ್ತೆ ಯಾವಾಗ ಬರೆಯಬೇಕು? ಅದರ ಬಗ್ಗೆ ಒಪ್ಪಂದ ತುಟಿ ಬಿಚ್ಚಿಲ್ಲ. ಕೆಳಗೆ ಸಂಘದ ಪರವಾಗಿ ಸಹಿ ಹಾಕಿದವಳು ರೀಟಾನೇ. ಈಗಲೂ ಭಾನುವಾರ ಅದೇ ಮೇಜು, ಅದೇ 'ಕುತೂಹಲವುಳ್ಳ ವಿದ್ಯಾರ್ಥಿ'.

ನಿಮ್ಮ ಮಕ್ಕಳ ಪತ್ರವನ್ನೂ ಯಾರೋ ಒಬ್ಬರು ರಜೆಯ ದಿನ ಕೂತು ಬರೆದಿದ್ದಾರೆ. ಅವರಿಗೆ ಚಾಕಲೇಟು ಡಬ್ಬಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ನಿಮ್ಮ ಶಾಲೆ ನಡೆಸುವವರ ಸಭೆಗೆ ಹೋಗಿ, ಎದ್ದು ನಿಂತು ಆ ದಿನದ ಕೂಲಿ ಕೇಳಿ. ಹೋಗುತ್ತೀರೋ, ಇಲ್ಲವೋ?