ಅಂಜಿಕಿ ಮುಚ್ಚಿಡದ ಪಾಸ್ಟರು

ಕೊಲ್ಹಾರದ ಹಿನ್ನೀರಿನಲ್ಲಿ ಆಫೀಸಿನ ಪರೀಕ್ಷೆಗೆ ನೀರಿನ ಮಾದರಿ ತುಂಬಿಕೊಳ್ಳಲು ಮೀನುಗಾರನೊಬ್ಬನ ದೋಣಿ ಹತ್ತಿದ್ದೆ. ಆಚೆ ದಂಡೆಯ ಊರಿಗೆ ಪ್ರಾರ್ಥನೆ ನಡೆಸಲು ಹೊರಟ ವಯಸ್ಸಾದ ಪಾಸ್ಟರೊಬ್ಬರು ಜೊತೆಗಿದ್ದರು. ನಡುನೀರಿಗೆ ಬರುತ್ತಲೇ ಗಾಳಿ ಎದ್ದಿತು. ತೆರೆಗಳು ದೋಣಿಯೊಳಗೇ ಬೀಳತೊಡಗಿದವು. ನನಗೆ ಈಜು ಬಾರದು. ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ದೋಣಿಯವನು ತುಟಿ ಬಿಚ್ಚದೆ ಹುಟ್ಟು ಹಾಕುತ್ತಿದ್ದ.

"ಏನೂ ಆಗಂಗಿಲ್ಲ ಅಂತ ನೀವರ ಹೇಳ್ರಿ," ಎಂದು ಪಾಸ್ಟರನ್ನು ಅಂಗಲಾಚಿದೆ.

"ಹೆಂಗ ಹೇಳ್ಲಿ ತಂಗಿ? ನನಗೂ ಜೀವದ ಅಂಜಿಕಿ ಆಗೇತಿ."

ಇದ್ದ ಧೈರ್ಯವೂ ಹೋಯಿತು. "ದೇವರ ಕೆಲಸ ಮಾಡೋರು ಹಿಂಗಂದ್ರ ಹೆಂಗ್ರಿ?" ಎಂದು ಸಿಟ್ಟಾದೆ.

"ಸಂತ ಪೌಲ ಕೊರಿಂಥದ ಮಂದಿಗೆ ಬರೆದ ಪತ್ರದಾಗ ಏನೂ ಮುಚ್ಚಿಟ್ಟಿಲ್ಲ. ಒಮ್ಮೆ ಬದುಕೋ ಆಸೆನೇ ಬಿಟ್ಟಿದ್ವಿ ಅಂತ ನೆಟ್ಟಗ ಬರದಾನ. ಅದನ್ನ ಓದಿ ಹೇಳಾಂವ ನಾನು. ನಿನಗ ಸುಳ್ಳು ಹೇಳ್ಲೇನು?"

ಇದನ್ನು ಕೇಳಿದ ದೋಣಿಯವನು ಕಡೆಗೂ ಬಾಯಿ ಬಿಟ್ಟ. "ನನ್ನ ಕೈಯಾಗೂ ಆಗವಲ್ದುರಿ. ಅಂಜೇನಿ ಅಂದ್ರ ನಗ್ತೀರಿ ಅಂತ ಸುಮ್ಮನಿದ್ದೆ. ಎಡಕ್ಕ ನಡುಗಡ್ಡಿ ಐತಿ, ಅಲ್ಲೇ ಹಚ್ಚಲೇನು?"

"ಹಚ್ಚಪಾ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.

ಗಾಳಿ ಇಳಿಯುವವರೆಗೆ ಮೂವರೂ ನಡುಗಡ್ಡೆಯ ಕೆಸರಲ್ಲಿ ನಡುಗುತ್ತ ಕೂತೆವು. ಅಷ್ಟರಲ್ಲಿ ನಮ್ಮೂರು ತಾಂಬಾದಿಂದ ಅವ್ವನ ಫೋನು ಬಂತು.

"ಗಾಳಿ ಭಾಳ ಐತಂತ. ಎಲ್ಲಿದ್ದೀ?"

"ಆಫೀಸಿನಾಗ ಆರಾಮ ಕುಂತೇನವ್ವ," ಎಂದೆ.

ಪಾಸ್ಟರು ಮುಖ ಆಚೆ ತಿರುಗಿಸಿ ಕೆಮ್ಮಿದರು. ಪೌಲನಿಗೇನು, ಅವ್ವನ ಫೋನು ಬರುತ್ತಿರಲಿಲ್ಲ.