ಮುಂದಿನ ಗಾಡಿಯ ಧರ್ಮಣ್ಣ

ಕಮಲಾಪುರದ ಕೆಂಪು ಬಾಳೆಗೊನೆ ಹೇರಿದ ಗಾಡಿಗಳು ಕಲಬುರಗಿ ಪೇಟೆಗೆ ರಾತ್ರಿಯೇ ಹೊರಡುತ್ತಿದ್ದವು. ಹಗಲಿನ ಬಿಸಿಲಿಗೆ ಎತ್ತೂ ಸೋಲುತ್ತಿತ್ತು, ಹಣ್ಣೂ ಬಾಡುತ್ತಿತ್ತು. ನಿಜಾಮರ ಕಾಲದ ಆ ದಾರಿಗೆ ಒಂದೇ ಕಟ್ಟಳೆ: ಮುಂದಿನ ಗಾಡಿಯವನು ಎಚ್ಚರವಿರಬೇಕು. ಹಿಂದಿನ ಎತ್ತುಗಳು ಅವನ ಜಾಡು ಹಿಡಿದು ಬರುತ್ತವೆ, ಅವುಗಳ ಒಡೆಯರು ಗೊನೆಗಳ ನಡುವೆ ಗೊರಕೆ ಹೊಡೆಯುತ್ತಾರೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ.

ಧರ್ಮಣ್ಣ ಆ ಮುಂದಿನ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಜಂಬದ ಮನುಷ್ಯ. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಗಾಡಿ ಹೂಡುತ್ತಿದ್ದ. ಒಂದು ಮಳೆಗಾಲದಲ್ಲಿ ನಿದ್ದೆಗೆಟ್ಟು ಅವನ ಕಣ್ಣು ಕೆಂಡವಾದದ್ದನ್ನು ಕಂಡು ಗೆಳೆಯ ಭಾಗಪ್ಪ, "ಇವತ್ತ ನಾ ಮುಂದ ಹೊಡೀತೀನಿ, ನೀ ಹಿಂದ ಮಲ್ಕೋ" ಎಂದ.

"ನೀ ಮಲ್ಕೋಳಪ್ಪ. ನಾ ಅದೀನಲ್ಲ!" ಅಂದ ಧರ್ಮಣ್ಣ.

ಭಾಗಪ್ಪ ನಂಬಿ ಮಲಗಿದ. ಹಳ್ಳದ ಹತ್ತಿರ ಧರ್ಮಣ್ಣನಿಗೆ ಜೊಂಪು ಹತ್ತಿತು. ಹಗ್ಗ ಸಡಿಲಾದದ್ದೇ ತಡ, ಅವನ ಎತ್ತುಗಳು ರಸ್ತೆ ಬಿಟ್ಟು ದಿನವೂ ನೀರು ಕುಡಿಯುವ ಜಾಗಕ್ಕೆ ಇಳಿದವು. ಹಿಂದೆಯೇ ಬರುತ್ತಿದ್ದ ಭಾಗಪ್ಪನ ಎತ್ತುಗಳೂ ಇಳಿದವು, ಅವು ಕಲಿತದ್ದೇ ಅಷ್ಟು. ಹಳ್ಳ ತುಂಬಿ ಹರಿಯುತ್ತಿತ್ತು. ಧರ್ಮಣ್ಣನ ಗಾಡಿ ದಡದ ಕಲ್ಲಿಗೆ ಸಿಕ್ಕಿ ನಿಂತಿತು, ಭಾಗಪ್ಪನದು ಪಕ್ಕಕ್ಕೆ ಸರಿದು ನೀರಿಗೆ ಉರುಳಿತು. ನೊಗದ ಹಗ್ಗ ಹರಿದು ಎತ್ತುಗಳು ಈಜಿ ದಡ ಸೇರಿದವು. ಭಾಗಪ್ಪ ಮೇಲೇಳಲಿಲ್ಲ, ಅವನ ಕೂಗು ಸಹ ಕೇಳಲಿಲ್ಲ.

ಅಂದಿನಿಂದ ಧರ್ಮಣ್ಣನಿಗೆ ನಿದ್ದೆ ಹರಾಮಾಯಿತು. ಕಣ್ಣು ಮುಚ್ಚಿದರೆ ಬೆನ್ನ ಹಿಂದೆ ಎತ್ತಿನ ಗೆಜ್ಜೆ ಸದ್ದು. ಹೆಂಡತಿ ಅನ್ನಮ್ಮ ಗಸಗಸೆ ಅರೆದು ಹಾಲಿಗೆ ಹಾಕಿ ಕೊಟ್ಟಳು, ದರ್ಗಾದಿಂದ ತಾಯತ ತಂದು ಕಟ್ಟಿದಳು. ಅಂಗಳದಲ್ಲಿ ಹಾಸಿದಳು, ಮಾಳಿಗೆಯ ಮೇಲೆ ಹಾಸಿದಳು. ಸದ್ದು ಅಲ್ಲಿಗೂ ಬಂತು. ವರುಷದೊಳಗೆ ಅವನು ಎಲುಬಿನ ಹಂದರವಾದ. ಇನ್ನು ಗಂಡ ಉಳಿಯುವುದಿಲ್ಲವೆಂದು ಹೆದರಿದ ಅನ್ನಮ್ಮ, ಭಾಗಪ್ಪನ ಹೆಂಡತಿ ದುಂಡಮ್ಮನ ಕಾಲಿಗೆ ಬಿದ್ದಳು.

ದುಂಡಮ್ಮ ಆಗ ಹಳ್ಳದಿಂದ ಎತ್ತಿಸಿದ ಗಂಡನ ಗಾಡಿಯನ್ನು ತಾನೇ ಹೊಡೆಯುತ್ತಿದ್ದಳು. ಒಂದು ಸಂಜೆ ಧರ್ಮಣ್ಣನ ಮನೆ ಮುಂದೆ ನಿಲ್ಲಿಸಿದಳು.

"ಅಣ್ಣಾ, ಗಾಡಿ ಹೂಡ್ರಿ. ನನ್ನ ಹಿಂದ ಬರ್ರಿ. ನಾ ಎಚ್ಚರ ಇರ್ತೀನಿ, ನೀವು ಮಲ್ಕೋರಿ."

ಕ್ಷಮಿಸಿದೆ ಎಂಬ ಮಾತು ಅವಳು ಆಡಲಿಲ್ಲ, ಅವನೂ ಕೇಳಲಿಲ್ಲ. ಹಳ್ಳ ದಾಟುವವರೆಗೆ ಹಗ್ಗ ಬಿಗಿಹಿಡಿದೇ ಕೂತಿದ್ದ. ಆಮೇಲೆ ಯಾವಾಗ ಒರಗಿದನೋ, ಕಲಬುರಗಿ ಪೇಟೆಯ ಬಿಸಿಲು ಮುಖಕ್ಕೆ ಬಿದ್ದಾಗಲೇ ಎಚ್ಚರವಾದದ್ದು. ಎದ್ದು ಕೂತವನೇ ಬಿಕ್ಕಿ ಬಿಕ್ಕಿ ಅತ್ತ.

"ಯಾಕ್ರಿ ಅಣ್ಣಾ, ನಿದ್ದಿ ಬರಲಿಲ್ಲೇನು?"

"ಬಂತವ್ವ. ಕಣ್ತುಂಬ ಬಂತು. ನಿನ್ನ ಗಂಡ ಎಷ್ಟು ನಂಬಿ ಮಲಗಿದ್ದ ಅಂತ ಈಗ ಗೊತ್ತಾತು."

ದುಂಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎತ್ತು ಬಿಚ್ಚಿದಳು.